ಬಾಗಿಲಾಚೆ ಗದಿಗೆಪ್ಪನ ಚಪ್ಪಲಿ

ಗಂಡಸಿಲ್ಲದ ಮನೆಯ ಬಾಗಿಲಲ್ಲಿ ಗಂಡಸಿನ ಚಪ್ಪಲಿ ಇರಬೇಕು. ಮುಂಬಯಿ ಸಯನ್ನಿನ ಆ ಚಾಳಿನಲ್ಲಿ ಯಾರೂ ಬರೆದಿಡದ ಕಾನೂನು ಅದು. ಕೇಬಲ್ಲಿನವನು, ಗ್ಯಾಸಿನವನು, ಮೂರನೇ ಮಹಡಿಗೆ ಹೋಗಬೇಕಾಗಿದ್ದು ಕುಡಿದ ಅಮಲಿನಲ್ಲಿ ಎರಡನೇ ಮಹಡಿಯ ಬಾಗಿಲು ಬಡಿಯುವವನು, ಇವರೆಲ್ಲ ಮೊದಲು ನೋಡುವುದು ಹೊಸ್ತಿಲಿನ ಹೊರಗಿರುವ ಚಪ್ಪಲಿಯನ್ನು. ದಾನವ್ವನ ಗಂಡ ಸತ್ತ ವಾರದಲ್ಲೇ ಪಕ್ಕದ ಖೋಲಿಯ ಲಕ್ಷ್ಮವ್ವ ಬಂದು ಕಿವಿಯಲ್ಲಿ ಹೇಳಿದ್ದಳು: "ಅವನ ಕಾಲ್ಮರಿ ಯಾರಿಗೂ ದಾನಾ ಕೊಡಬ್ಯಾಡವ್ವಾ. ಬಾಗಲದಾಗ ಇಡು. ಹರೇದ ಮಗಳದಾಳ ಮನ್ಯಾಗ."

ಹಾಗೆ ಗದಿಗೆಪ್ಪನ ಚಪ್ಪಲಿಗಳು ಬಾಗಿಲಾಚೆ ಉಳಿದವು. ವಿಜಯಪುರದಲ್ಲಿ ಹೇಳಿ ಹೊಲಿಸಿದ ದಪ್ಪ ಚರ್ಮದವು. ಹಿಮ್ಮಡಿಯ ಹಿಂದೆ ಪಟ್ಟಿ, ಪಟ್ಟಿಗೆ ಹಿತ್ತಾಳೆಯ ಬಕ್ಕಲ್. ಬಗ್ಗಿ ಬಕ್ಕಲ್ ಬಿಚ್ಚದ ಹೊರತು ಕಾಲು ಬಿಟ್ಟು ಬರುವಂಥವಲ್ಲ. ದಾನವ್ವ ಅವುಗಳ ಮೂತಿ ಬಾಗಿಲ ಕಡೆಗೆ ಇರುವಂತೆ ಇಡುತ್ತಿದ್ದಳು. ಈಗಷ್ಟೇ ಕೆಲಸದಿಂದ ಬಂದು ಒಳಗೆ ಚಹಾ ಕುಡಿಯುತ್ತಿರುವವನ ಚಪ್ಪಲಿ ಎಂದು ನೋಡಿದವರು ತಿಳಿಯಲಿ ಎಂದು.

ಅಮಾವಾಸ್ಯೆಯ ಬೆಳಿಗ್ಗೆ ಮಾತ್ರ ಅವು ತಿರುಗಿರುತ್ತಿದ್ದವು. ಮೇಲಿನ ಧೂಳು ಹೋಗಿ, ಚರ್ಮಕ್ಕೆ ಎಣ್ಣೆ ಸವರಿದ ಮಿರುಗು ಬಂದು, ಮೂತಿ ಮೆಟ್ಟಿಲಿನ ಕಡೆಗೆ. ಲಾರಿ ಮಂದಿಗೆ ಅಮಾವಾಸ್ಯೆ ಎಂದರೆ ಗಾಡಿ ತೊಳೆದು, ಕುಂಕುಮ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆಯುವ ದಿನ. ಬದುಕಿದ್ದಾಗ ಗದಿಗೆಪ್ಪ ಆ ದಿನ ಒಮ್ಮೆಯೂ ತಪ್ಪದೆ ನಸುಕಿನಲ್ಲೇ ಎದ್ದು ಹೋಗುತ್ತಿದ್ದ. ಸತ್ತ ಮೇಲೂ ಹೋಗುತ್ತಿದ್ದಾನೆ ಎಂದರೆ ಏನು ಮಾಡುವುದು?

"ಅವ್ವಾ, ಚಾಳಿನ ಪೋರಗೋಳು ಮಸ್ತಿ ಮಾಡ್ತಾರ. ಫೇಂಕ್ ದೋ ನಾ ಉಸ್ಕೋ" ಎಂದು ಬಿಸಾಡಲು ಹೇಳುತ್ತಿದ್ದಳು ಮಗಳು ಸ್ನೇಹಲ್. ಹುಡುಗಿಗೆ ಕನ್ನಡ ತಿಳಿಯುತ್ತಿತ್ತು, ನಾಲಿಗೆ ಮಾತ್ರ ನಡುದಾರಿಯಲ್ಲಿ ಹಿಂದಿಗೆ ಹೊರಳುತ್ತಿತ್ತು. ದಾನವ್ವ ಜೋಳದ ಹಿಟ್ಟಿಗೆ ನೀರು ಹಾಕುತ್ತಿದ್ದಳು. ಮಾಟುಂಗಾ, ಸಯನ್ನಿನ ಕನ್ನಡದ ಮನೆಗಳಿಗೆ ಅವಳದೇ ರೊಟ್ಟಿ ಹೋಗಬೇಕು. ಎಷ್ಟು ಬಡಿದರೂ ಆ ರೊಟ್ಟಿಯ ಸದ್ದಿನ ಅಡಿಯಲ್ಲಿ ಅವಳಿಗೆ ಹೊರಗಿನ ಚಪ್ಪಲಿಯ ಸದ್ದು ಕೇಳುತ್ತಿತ್ತು. ಬರುವ ಸದ್ದು, ನಿಲ್ಲುವ ಸದ್ದು, ಹಿಂದಿರುಗುವ ಸದ್ದು. ಅವನು ಬಾಗಿಲ ತನಕ ಬರುತ್ತಾನೆ, ಒಳಗೆ ಬರುವುದಿಲ್ಲ. ಯಾಕೆ ಬರುವುದಿಲ್ಲವೆಂದು ಅವಳೊಬ್ಬಳಿಗೆ ಗೊತ್ತಿತ್ತು.

ಬರಬೇಡ ಎಂದವಳು ಅವಳೇ.

ಎರಡು ಮಳೆಗಾಲದ ಹಿಂದಿನ ಮಾತು. ಅಂದು ಸ್ನೇಹಲಳ ಹತ್ತನೇ ಕ್ಲಾಸಿನ ರಿಸಲ್ಟು. ಮಧ್ಯಾಹ್ನದೊಳಗೆ ಪೇಢೆ ತಗೊಂಡು ಬರುತ್ತೇನೆ ಎಂದು ಹೋದ ಗದಿಗೆಪ್ಪ ಸಂಜೆಯಾದರೂ ಬರಲಿಲ್ಲ. ಮಾಲೀಕ ಅಣವೀರಪ್ಪ ಇನ್ನೊಂದು ಟ್ರಿಪ್ ಹಾಕಿದ್ದ, ವಿಕ್ರೋಳಿಯ ಕಾರ್ಖಾನೆಗೆ ಕಬ್ಬಿಣದ ಪೈಪು. ಚಾಳಿನ ಮಂದಿಯೆಲ್ಲ ಬಂದು ಮಗಳ ಗಲ್ಲ ಸವರಿ ಹೋದರು, ಅಪ್ಪನ ಪತ್ತೆ ಇಲ್ಲ. ದಾನವ್ವನ ಸಿಟ್ಟು ನೆತ್ತಿಗೇರಿತು. ಫೋನು ಮಾಡಿದಳು. ಮೊದಲ ರಿಂಗಿಗೇ ಎತ್ತಿದ.

"ಮಾಲಕನ ಗಾಡೀನ ನಿನ್ನ ಮನಿ ಆಗೇತಿ. ಅಲ್ಲೇ ಬಿದ್ದಿರು. ಮನಿಗಿ ಬರಬ್ಯಾಡ" ಎಂದಳು. ಅವನು ಬಾಯಿ ತೆರೆಯುವ ಮೊದಲೇ ಫೋನು ಕಟ್ ಮಾಡಿದಳು.

ಹೊರಗೆ ವರ್ಷದ ಮೊದಲ ಮಳೆ ಬೀಳುತ್ತಿತ್ತು. ಅದಾಗಿ ಸ್ವಲ್ಪ ಹೊತ್ತಿಗೆ ವಿಕ್ರೋಳಿಯಲ್ಲಿ, ಹೈವೇಯಿಂದ ಬಲಕ್ಕೆ ಹೊರಳುವ ಜಾಗದಲ್ಲಿ, ಲಾರಿ ಎಡಕ್ಕೆ ಮಗುಚಿತು.

ಗದಿಗೆಪ್ಪ ಅಡಿಯಲ್ಲಿದ್ದ. ಕತ್ತಲು, ಮಳೆ, ಗದ್ದಲ. ಜನ ಎಳೆದು ಹೊರಹಾಕಿ ರಸ್ತೆಯ ಬದಿಗೆ ಮಲಗಿಸಿದರು. ಯಾವ ಕಡೆಯಿಂದ ಎಳೆದರೆಂದು ಆಮೇಲೆ ಯಾರಿಗೂ ನೆನಪಿರಲಿಲ್ಲ, ಯಾರೂ ಕೇಳಲೂ ಇಲ್ಲ. ಡ್ರೈವರ್ ಗದಿಗೆಪ್ಪ, ಒಬ್ಬನೇ ಇದ್ದ ಎಂದು ಅಣವೀರಪ್ಪ ಪೊಲೀಸರಿಗೆ ಹೇಳಿದ. ಸತ್ತವನು ಎದ್ದು ಬಂದು ಅಲ್ಲವೆನ್ನುತ್ತಾನೆಯೇ? ಸಯನ್ ಆಸ್ಪತ್ರೆಯಲ್ಲಿ ಹೆಣದ ಕಾಲಿನಿಂದ ಚಪ್ಪಲಿ ಬಿಡಿಸಿದವಳು ದಾನವ್ವನೇ. ಬಕ್ಕಲ್ ಗಟ್ಟಿಯಾಗಿತ್ತು, ಬಿಡಿಸಲು ಬಹಳ ಹೊತ್ತು ಹಿಡಿಯಿತು.

ಅದೇ ಲಾರಿಯ ಪೈಪುಗಳ ಕೆಳಗೆ ಇನ್ನೊಬ್ಬ ಸಿಕ್ಕಿಬಿದ್ದಿದ್ದ. ಹೆಸರು ಚೆನ್ನಯ, ಉಡುಪಿ ಕಡೆಯವನು, ಮೂಲೆಯ ಹೋಟೆಲಿನಲ್ಲಿ ದೋಸೆ ಹೊಯ್ಯುವವನು. ಮಳೆ ಬಂತಲ್ಲ ಎಂದು ಹೊರಗಿದ್ದ ಹಾಲಿನ ಕ್ರೇಟುಗಳನ್ನು ಒಳಗೆ ತರಲು ಬಂದವನು. ಪರೇಲಿನ ಆಸ್ಪತ್ರೆಯಲ್ಲಿ ಅವನ ಎಡಗಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು.

ಸ್ಟೇರಿಂಗ್ ಹಿಡಿದಾಗ ಗದಿಗೆಪ್ಪ ಫೋನು ಎತ್ತಿದವನೇ ಅಲ್ಲ. ಹೆಂಡತಿಯದಿರಲಿ, ಮಾಲೀಕನದಿರಲಿ, ಬಡಕೊಂಡು ಬಡಕೊಂಡು ಸುಮ್ಮನಾಗಬೇಕು. ಆಮೇಲೆ ಗಾಡಿ ಬದಿಗೆ ಹಾಕಿ ತಾನೇ ಮಾಡಿ, "ಸ್ಟೇರಿಂಗ್ ಮ್ಯಾಲಿದ್ದೆ, ಹೇಳು" ಎನ್ನುತ್ತಿದ್ದ. ಅಂದು ಮಾತ್ರ ಎತ್ತಿದ. ಮಗಳ ರಿಸಲ್ಟಿನ ದಿನವೆಂದು, ಹೆಂಡತಿ ಸಿಟ್ಟಾಗಿದ್ದಾಳೆಂದು, ತನ್ನ ನೇಮ ತಾನೇ ಮುರಿದು ಎತ್ತಿದ. ಎತ್ತಿದ್ದಕ್ಕೆ ಅವಳು ಅವನ ಎದೆಗೆ ಒದ್ದಳು. ಆ ನೋವಿನಲ್ಲಿ ಅವನ ಕೈ ತಪ್ಪಿತು. ದಾನವ್ವ ಹೀಗೆ ತೀರ್ಮಾನ ಮಾಡಿ, ತನಗೆ ತಾನೇ ಶಿಕ್ಷೆ ಬರೆದುಕೊಂಡು ಕೂತಿದ್ದಳು. ತಪ್ಪು ಹೊರಲು ತಲೆ ಬಗ್ಗಿಸಿ ನಿಂತವಳು ಮೂಟೆಯಲ್ಲಿ ಏನಿದೆ ಎಂದು ಬಿಚ್ಚಿ ನೋಡುವುದಿಲ್ಲ. ಫೋನಿನ ಮಾತನ್ನು ಮಗಳಿಗೂ ಹೇಳಲಿಲ್ಲ. ಊರಿಗೆ ಹೋದಾಗ ಅತ್ತೆ, "ನನ್ನ ಮಗಾ ಅಷ್ಟ್ ಹುಷಾರ್ ಹೊಡೀತಿದ್ದಾ, ಅವತ್ತ ಏನ್ ಆತೋ" ಎಂದು ಅತ್ತಾಗ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಚೆನ್ನಯ ಕ್ಲೇಮ್ ಕೋರ್ಟಿನಲ್ಲಿ ಪರಿಹಾರ ಕೇಳಿ ಕೇಸು ಹಾಕಿದ್ದ. ಗೆದ್ದವನು ಸೋತ, ಸೋತವನು ಸತ್ತ ಎಂದು ಕೋರ್ಟಿನ ಬಗ್ಗೆ ಹಿರಿಯರು ಸುಮ್ಮನೆ ಹೇಳಿಲ್ಲ. ತಾರೀಖಿನ ಮೇಲೆ ತಾರೀಖು ಬಿದ್ದು, ಕೊನೆಗೆ ದಾನವ್ವನಿಗೂ ಸಾಕ್ಷಿ ಹೇಳಲು ಕರೆ ಬಂತು. ಅದರ ಹಿಂದೆಯೇ ಅಣವೀರಪ್ಪನೂ ಬಂದ.

ಅಣವೀರಪ್ಪ ಕೆಟ್ಟವನೇನಲ್ಲ, ಕೆಟ್ಟವನಾಗಿದ್ದರೆ ಸುಲಭವಾಗುತ್ತಿತ್ತು. ದಾನವ್ವ ಇದ್ದ ಖೋಲಿ ಅವನದು. ಗಂಡ ಸತ್ತ ಮೇಲೆ ಬಾಡಿಗೆ ಕೇಳಿರಲಿಲ್ಲ. ಸ್ನೇಹಲಳನ್ನು ಕಾಲೇಜಿಗೆ ಸೇರಿಸಿದವನೂ ಅವನೇ. ಬೆಳಗಾವಿಯಿಂದ ಬರಿಗೈಯಲ್ಲಿ ಬಂದು ಮೂರು ಲಾರಿ ಮಾಡಿದವನು, ಊರ ಕಡೆಯವರು ಎಂದರೆ ಜೀವ ಬಿಡುವವನು. ಚಪ್ಪಲಿಯ ಮೇಲೆ ಕಣ್ಣು ಬಿದ್ದಾಗ ಮಾತ್ರ ಯಾವಾಗಲೂ ದಾಟಿಕೊಂಡು ಒಳಗೆ ಬರುತ್ತಿದ್ದ, ಅವು ಅಡ್ಡ ಮಲಗಿದ ನಾಯಿಯೇನೋ ಎಂಬಂತೆ.

ರೊಟ್ಟಿ ಮುರಿಯುತ್ತ ಹೇಳಿದ: "ದಾನವ್ವಾ, ಭಾಳ ದೊಡ್ಡ ಮಾತೇನಲ್ಲ. ಗಾಡಿ ನನ್ನ ಗಂಡನ ಹೊಡೀತಿದ್ದಾ, ಲೈಸನ್ಸ್ ಇತ್ತು, ಅಂತ ಎರಡ ಮಾತ್ ಹೇಳಿದ್ರ ಆತು. ಇನ್ಶುರನ್ಸ್ ಕಂಪನಿ ವಕೀಲ ಕೊಸರು ತಗದಾನ. ಸ್ಟೇರಿಂಗ್ ಮ್ಯಾಲೆ ಬ್ಯಾರೆ ಯಾರೋ ಇದ್ದ್ರು, ಅವರಿಗೆ ಲೈಸನ್ಸ್ ಇರಲಿಲ್ಲ ಅಂತಾನ. ಹಂಗಾದ್ರ ಕಂಪನಿ ಕೈ ಝಾಡಿಸ್ತೈತಿ, ಎಲ್ಲಾ ನನ್ನ ತಲಿ ಮ್ಯಾಲೆ. ಗಾಡೀನೂ ಹೋಗ್ತಾವ, ಈ ಖೋಲೀನೂ ಹೋಗ್ತೈತಿ."

ಕೊನೆಯ ಮಾತನ್ನು ಅವನು ಬೆದರಿಕೆಯ ಹಾಗೆ ಹೇಳಲಿಲ್ಲ. ಆದರೂ ಅದು ಖೋಲಿಯ ನಡುವೆ ಬಿದ್ದು ಅಲ್ಲೇ ಉಳಿಯಿತು.

"ಬ್ಯಾರೆ ಯಾರ್ ಹೊಡೀತಾರ್ರೀ? ಅಂವನ ಹೊಡೀತಿದ್ದಾ" ಎಂದಳು ದಾನವ್ವ. ಅವಳಿಗೆ ಅದು ನಿಜವೇ ಆಗಿತ್ತು.

"ಅಷ್ಟ ಸಾಕವ್ವಾ" ಎಂದ ಅಣವೀರಪ್ಪ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಅಂದಂಗ, ಫೋನಾ ಗೀನಾ ಬಂದಿತ್ತೇನ್ ಅವನಿಗಿ ಅಂತ ಕೇಳಿದ್ರ, ಗೊತ್ತಿಲ್ಲ ಅನ್ನು" ಎಂದ. ದಾನವ್ವನ ಕೈಯಲ್ಲಿದ್ದ ಹಿಟ್ಟು ಜಾರಿ ನೆಲಕ್ಕೆ ಬಿತ್ತು. ಇವನಿಗೆ ಹೇಗೆ ಗೊತ್ತು ಎಂದು ಕೇಳಲು ಹೊರಟವಳು, ಕೇಳಿದರೆ ತನ್ನ ಗುಟ್ಟೇ ಬಯಲಾದೀತು ಎಂದು ಬಾಯಿ ಮುಚ್ಚಿಕೊಂಡಳು.

ಮೊದಲ ತಾರೀಖಿಗೆ ಹೋದಾಗ ಜಡ್ಜ್ ರಜೆಯಲ್ಲಿದ್ದರು. ಕಾರಿಡಾರಿನ ಬೆಂಚುಗಳ ತುಂಬ ಕೈ ಇಲ್ಲದವರು, ಕಾಲು ಇಲ್ಲದವರು, ಫೋಟೋ ಹಿಡಿದ ವಿಧವೆಯರು. ಅಣವೀರಪ್ಪ ವಕೀಲರ ಜೊತೆ ಚಹಾಕ್ಕೆ ಹೋದ. ದಾನವ್ವ ಕೂತ ಬೆಂಚಿನ ಇನ್ನೊಂದು ತುದಿಯಲ್ಲಿ ಊರುಗೋಲು ಒರಗಿಸಿಕೊಂಡು ಒಬ್ಬ ಗಂಡಸು ಕೂತಿದ್ದ. ನೆಲ ಬಿಟ್ಟು ಬೇರೆ ಕಡೆ ನೋಡುತ್ತಲೇ ಇರಲಿಲ್ಲ. ಎದುರಿಗೆ ಯಾರು ನಡೆದು ಹೋದರೂ ಅವರ ಕಾಲನ್ನೇ ನೋಡುತ್ತಿದ್ದ. ಪಕ್ಕದಲ್ಲಿದ್ದ ಹೆಂಡತಿ ದಾನವ್ವನ ಕಡೆ ತಿರುಗಿ, ಕನ್ನಡದಲ್ಲಿ, ನೇರವಾಗಿ ಕೇಳಿದಳು:

"ನೀವು ಆ ಡ್ರೈವರನ ಹೆಂಡತಿ ಅಲ್ವಾ?"

ದಾನವ್ವ ಕೈ ಮುಗಿದಳು.

"ನಾನು ಪ್ರಫುಲ್ಲಾ. ನಿಮ್ಮ ಗಂಡನಿಗೆ ದಿನಾ ದೀಪ ಹಚ್ಚುವಾಗ ಶಾಪ ಹಾಕ್ತೇನೆ ಮಾರಾಯ್ತಿ. ಸತ್ತವನಿಗೆ ಶಾಪ ತಾಗ್ತದಾ ಇಲ್ವಾ ಗೊತ್ತಿಲ್ಲ. ಆದ್ರೂ ಹಾಕ್ತೇನೆ."

"ಹಾಕ್ರಿ" ಎಂದಳು ದಾನವ್ವ. "ನನಗೂ ಹಾಕ್ರಿ."

ಪ್ರಫುಲ್ಲಾ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಸಿಟ್ಟು ಇಳಿಯಲಿಲ್ಲ, ದಣಿಯಿತು ಅಷ್ಟೇ. ಸರಿದು ಹತ್ತಿರ ಕೂತಳು. "ದುಡ್ಡಿನ ಚಿಂತೆ ನಮಗೆ ಇಲ್ಲ ಅಂತ ಅಲ್ಲ. ಯಾರು ಓಡಿಸಿದ್ರೂ ಕಂಪನಿ ಮೊದಲು ನಮಗೆ ಕೊಡ್ಬೇಕಂತೆ, ಆಮೇಲೆ ಮಾಲೀಕರ ಹತ್ರ ಅವ್ರು ಹೊಡೆದಾಡಿಕೊಳ್ಳಲಿ ಅಂತ ನಮ್ಮ ವಕೀಲರು ಹೇಳಿದ್ದಾರೆ. ಆದ್ರೆ ಇವ್ರಿಗೆ ನಿದ್ದೆ ಇಲ್ಲ. ನಿಮ್ಮ ಗಂಡನ ಪ್ರೇತ ಇವ್ರನ್ನು ಬಿಡೂದಿಲ್ಲ."

"ಪ್ರೇತ?"

"ಕಾಲು ಮಾತ್ರ ಕಾಣ್ತದಂತೆ." ಪ್ರಫುಲ್ಲಾ ದನಿ ತಗ್ಗಿಸಿದಳು. "ಪೈಪಿನಡಿ ಬಿದ್ದಿದ್ರಲ್ಲ, ತಲೆ ಎತ್ಲಿಕ್ಕೆ ಆಗೂದಿಲ್ಲ. ಗಾಡಿಯ ಎದುರಿನ ಗಾಜು ಒಡೆದು ಎರಡು ಕಾಲು ಹೊರಗೆ ಬಂತಂತೆ. ಬರಿಗಾಲು. ಇವ್ರ ಮುಖದ ಹತ್ರವೇ ಇಳೀತು, ಒಂದು ಗಳಿಗೆ ನಿಂತಿತು, ಆಮೇಲೆ ಓಡಿ ಹೋಯ್ತು. ಡ್ರೈವರ್ ಸತ್ತು ಬಿದ್ದಿದ್ದಾನೆ, ಒಬ್ಬನೇ ಇದ್ದದ್ದು ಅಂತ ಎಲ್ರೂ ಹೇಳ್ತಾರೆ. ಹಾಗಾದ್ರೆ ಓಡಿದ್ದು ಎಂತ? ಜೀವವೇ ಅಲ್ವಾ? ನಾವು ಊರಿಗೆ ಹೋಗಿ ದೈವದ ಹತ್ರ ಕೇಳಿಸಿ ಆಯ್ತು, ತಾಯಿತ ಕಟ್ಟಿಸಿ ಆಯ್ತು."

ಚೆನ್ನಯ ಮೊದಲ ಸಲ ಬಾಯಿ ತೆರೆದ. ನೆಲದಿಂದ ಕಣ್ಣು ಎತ್ತದೆಯೇ ಹೇಳಿದ: "ನಿಂತಿತ್ತು ಅಕ್ಕಾ. ನಾನು ನೀರು ಕೇಳಿದೆ. ಕೇಳಿದ ಮೇಲೆ ಓಡಿದ್ದು."

 ಲೋಕಲ್‌ನಲ್ಲಿ ಹಿಂದಿರುಗುವಾಗ ಬಾಗಿಲ ಕಂಬ ಹಿಡಿದು ನಿಂತ ದಾನವ್ವನಿಗೆ ಸಯನ್ ಬಂದದ್ದೂ ತಿಳಿಯಲಿಲ್ಲ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ನಡೆದುಕೊಂಡು ಬಂದಳು. ಮೆಟ್ಟಿಲು ಹತ್ತಿ ಬಾಗಿಲ ಮುಂದೆ ನಿಂತಾಗ ಚಪ್ಪಲಿಗಳು ಅಲ್ಲಿದ್ದವು. ಹಿತ್ತಾಳೆಯ ಬಕ್ಕಲ್.

ಬರಿಗಾಲು.

ಗಾಡಿ ಎಂದರೆ ಗದಿಗೆಪ್ಪನಿಗೆ ಗುಡಿ. ಕ್ಯಾಬಿನ್ನಿನಲ್ಲಿ ಗಾಜಿನ ಕೆಳಗೆ ದೇವರ ಪಟ, ಊದಿನಕಡ್ಡಿ, ಚೆಂಡುಹೂವಿನ ಮಾಲೆ. ಸ್ಟೇರಿಂಗಿಗೆ ಕೂರುವ ಮೊದಲು ಕೆಳಗೇ ನಿಂತು ಬಕ್ಕಲ್ ಬಿಚ್ಚಿ, ಚಪ್ಪಲಿಯನ್ನು ಸೀಟಿನ ಹಿಂದೆ ಎಸೆದು, ಹೊಸ್ತಿಲು ಮುಟ್ಟಿದಂತೆ ಪಾವಟಿಗೆ ಮುಟ್ಟಿ ಹತ್ತುತ್ತಿದ್ದ. ಚಳಿಯಿರಲಿ, ಇಂಜಿನ್ ಕಾದು ಕೆಂಡವಾಗಿರಲಿ, ಬರಿಗಾಲು. ಮದುವೆಯಾದ ಹೊಸದರಲ್ಲಿ ಅವಳು ನಕ್ಕಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದ. ಎಡಗಡೆ ಸುಮ್ಮನೆ ಕೂತು ಹೋಗುವವರಿಗೆ ಆ ನೇಮ ಇರಲಿಲ್ಲ. "ಪೂಜಾರಿಗಷ್ಟ ಮಡಿ, ಮಂದಿಗೆಲ್ಲಾ ಯಾಕ?" ಎನ್ನುತ್ತಿದ್ದ.

ಆಸ್ಪತ್ರೆಯಲ್ಲಿ ಬಕ್ಕಲ್ ಬಿಚ್ಚಿದವಳು ಅವಳು. ಅವಳ ಕೈಗೇ ಅದು ಗೊತ್ತಿತ್ತು. ಫೋನು ಎತ್ತಿದ್ದೂ ಗೊತ್ತಿತ್ತು. ಸ್ಟೇರಿಂಗ್ ಹಿಡಿದವನು ಫೋನು ಎತ್ತುವುದಿಲ್ಲ, ಸ್ಟೇರಿಂಗ್ ಹಿಡಿದವನು ಚಪ್ಪಲಿ ಮೆಟ್ಟುವುದಿಲ್ಲ. ಎರಡನ್ನೂ ಎರಡು ಮಳೆಗಾಲ ಮಡಿಲಲ್ಲಿ ಕಟ್ಟಿಕೊಂಡು ಕೂತು, ತಾನೇ ಗಂಡನನ್ನು ಕೊಂದೆನೆಂದು ಅತ್ತಿದ್ದಳು. ದಾನವ್ವ ಹೊಸ್ತಿಲ ಮೇಲೆ ಕುಸಿದು ಕೂತಳು. ಅವಳಿಗೆ ಮೊದಲು ಬಂದದ್ದು ಸಮಾಧಾನವಲ್ಲ, ಸಿಟ್ಟು. ತನ್ನ ಮೇಲೆಯೇ ಬಂದ ಸಿಟ್ಟು.

ಹಾಗಾದರೆ ಅಮಾವಾಸ್ಯೆಗೆ ಬರುವವನು ಯಾರು?

ಮುಂದಿನ ಅಮಾವಾಸ್ಯೆ ಹತ್ತಿರದಲ್ಲೇ ಇತ್ತು. ಇಷ್ಟು ದಿನ ಆ ನಸುಕಿನಲ್ಲಿ ಅವಳು ಕೌದಿಯನ್ನು ತಲೆಯ ಮೇಲೆ ಎಳೆದುಕೊಂಡು ಮಲಗುತ್ತಿದ್ದಳು. ಈ ಸಲ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಮೊದಲ ಲೋಕಲ್ ಹೋದ ಸದ್ದು ಕೇಳಿತು. ಹಾಲಿನವನ ಸೈಕಲ್ಲು ಬಂತು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ, ಮೆಲ್ಲಗೆ, ಚಪ್ಪಲಿಯ ಸದ್ದಿಲ್ಲದ ಹೆಜ್ಜೆ. ಬಾಗಿಲ ಹೊರಗೆ ಯಾರೋ ಕೂತರು. ಒದ್ದೆ ಬಟ್ಟೆಯಿಂದ ಚರ್ಮ ಉಜ್ಜುವ ಸದ್ದು.  ದಾನವ್ವನಿಗೆ ಗಂಡನ ಹೆಸರು ಹಿಡಿದು ಕರೆಯಬೇಕೆನಿಸಿತು. ಎದ್ದು ಚಿಲಕ ತೆಗೆದಳು.

ಸಚಿನ. ಅಣವೀರಪ್ಪನ ಮಗ.

ಮೊಣಕಾಲೂರಿ ಕೂತಿದ್ದ. ತೊಡೆಯ ಮೇಲೆ ಗದಿಗೆಪ್ಪನ ಒಂದು ಚಪ್ಪಲಿ, ಪಕ್ಕದಲ್ಲಿ ಸಣ್ಣ ಎಣ್ಣೆ ಬಾಟಲಿ. ಇನ್ನೊಂದನ್ನು ಆಗಲೇ ಒರೆಸಿ, ಮೂತಿ ಹೊರಗೆ ಮಾಡಿ ಇಟ್ಟಿದ್ದ. ದೊಡ್ಡವರು ಹೊರಗೆ ಬಂದವರೇ ಕಾಲು ತೂರಿಸಲಿ ಎಂದು ಶಿಷ್ಯ ತಿರುಗಿಸಿ ಇಡುವ ಹಾಗೆ. ಗದಿಗೆಪ್ಪಣ್ಣಾ, ಗದಿಗೆಪ್ಪಣ್ಣಾ ಎಂದು ಲಾರಿಯ ಹಿಂದೆಯೇ ಅಲೆಯುತ್ತಿದ್ದವನು. ಕಾರಿನ ಲೈಸನ್ಸಿತ್ತು, ಲಾರಿಯದಿರಲಿಲ್ಲ. ಮಾಲೀಕನ ಮಗ ಸ್ಟೇರಿಂಗ್ ಕೊಡು ಎಂದರೆ ಡ್ರೈವರ್ ಯಾವ ಬಾಯಿಂದ ಒಲ್ಲೆ ಎನ್ನುತ್ತಾನೆ? ಮಣ್ಣಿನ ದಿನ ಅವನ ಕೈಗೆ ಪ್ಲಾಸ್ಟರ್ ಇತ್ತು. ಬೈಕು ಸ್ಲಿಪ್ ಆಯಿತು ಎಂದಿದ್ದರು.

ಅವಳು ನೋಡಿದ್ದು ಅವನ ಕಾಲುಗಳನ್ನು. ಬರಿಗಾಲು.

"ಗಾಡ್ಯಾಗ ನೀ ಇದ್ದೆಲ್ಲಾ?" ಎಂದಳು.

ಸಚಿನ ಅಲ್ಲಾಡಲಿಲ್ಲ. ಅಷ್ಟೇ ಸಾಕಾಗಿತ್ತು. ಯಾರು ಹೊಡೆಯುತ್ತಿದ್ದರು ಎಂದು ದಾನವ್ವ ಕೇಳಲೇ ಇಲ್ಲ. ಇಷ್ಟು ದಿನ ಸತ್ತವನ ಬಾಯಿಂದ ಕೇಳಲು ಕಾದಿದ್ದ ಒಂದೇ ಮಾತನ್ನು ಕೇಳಿದಳು: "ನಾ ಫೋನ್ ಕಟ್ ಮಾಡಿದ ಮ್ಯಾಲೆ ಏನಂದಾ? ಖರೇ ಹೇಳು. ಏನಂದಾ ಅಂವಾ?"

ಹುಡುಗನ ತುಟಿ ಅಲುಗಿತು. "ಕಾಕೂ..." ಎಂದ. ಮುಂದೆ ಬರಲಿಲ್ಲ. ಚಪ್ಪಲಿಯನ್ನು ನೆಲಕ್ಕಿಟ್ಟು, ಎದ್ದು, ಒಂದು ಗಳಿಗೆ ನಿಂತ. ಆಮೇಲೆ ಮೆಟ್ಟಿಲು ಇಳಿದು ಓಡಿದ. ಕಾಲುಗಳು ಮಾತ್ರ ಕಂಡವು.

"ಓಡು!" ದಾನವ್ವ ಕಟಾಂಜನಕ್ಕೆ ಬಂದು ಕೂಗಿದಳು. ಚಾಳಿನವರು ಎದ್ದರೆ ಏಳಲಿ. "ಎಷ್ಟ್ ದಿನಾ ಓಡ್ತಿ? ನೀರು ಕೇಳಿದಾಂವನ್ನೂ ಬಿಟ್ಟು ಓಡಿದಿ. ತಾರೀಖಿಗೆ ನಾ ಕಟಕಟ್ಯಾಗ ನಿಂದರಾಕಿ. ನನಗ ಗೊತ್ತಿದ್ದದ್ದು ನಾ ಹೇಳ್ತೀನಿ. ಉಳದದ್ದು ನಿನ್ನ ಹಂತೇಕ ಐತಿ!"

ತಾರೀಖಿನ ತನಕ ಚಪ್ಪಲಿಗಳನ್ನು ಅವಳು ಮುಟ್ಟಲಿಲ್ಲ. ಒಂದು ಎಣ್ಣೆ ಹಚ್ಚಿದ್ದು, ಒಂದು ಧೂಳಿನದು, ಹಾಗೆಯೇ ಬಿದ್ದಿದ್ದವು. ರಾತ್ರಿ ಮಗಳಿಗೆ ಎಲ್ಲವನ್ನೂ ಹೇಳಿದಳು, ಫೋನಿನ ಮಾತನ್ನೂ. ಸ್ನೇಹಲ್ ಎಲ್ಲ ಕೇಳಿಸಿಕೊಂಡಳು. ಕೊನೆಗೆ, "ಖೋಲಿ ಹೋಗ್ತದಲ್ಲ ಅವ್ವಾ" ಎಂದಳು.

"ಹೋಗ್ತೈತಿ."

"ಜಾನೇ ದೋ" ಎಂದಳು ಹುಡುಗಿ, ಅವ್ವನ ಪಕ್ಕ ಸರಿದು ಮಲಗಿ. ಆದರೆ ಇಬ್ಬರಿಗೂ ನಿದ್ದೆ ಬರಲಿಲ್ಲ. ಮುಂಬಯಿಯಲ್ಲಿ ಗಂಡನ ಹೆಸರು ಉಳಿಸಿಕೊಳ್ಳಬಹುದು, ತಲೆಯ ಮೇಲೆ ಸೂರು ಉಳಿಸಿಕೊಳ್ಳುವುದು ಅದಕ್ಕಿಂತ ಕಷ್ಟ ಎಂಬುದು ಆ ಊರಿನಲ್ಲಿ ಹುಟ್ಟಿದ ಮಗಳಿಗೆ ಅವ್ವನಿಗಿಂತ ಚೆನ್ನಾಗಿ ಗೊತ್ತಿತ್ತು.

ತಾರೀಖಿನ ದಿನ ಜಡ್ಜ್ ಬಂದಿದ್ದರು, ಕನ್ನಡಕದ ಮರಾಠಿ ಹೆಂಗಸು. ಮುಂದಿನ ಬೆಂಚಿನಲ್ಲಿ ಚೆನ್ನಯ, ಪ್ರಫುಲ್ಲಾ. ಈ ಕಡೆ ಅಣವೀರಪ್ಪ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ದಾನವ್ವ ಕಟಕಟೆ ಹತ್ತುವ ಮೊದಲು ಚಪ್ಪಲಿ ಬಿಟ್ಟಳು, ಯಾರೂ ಹೇಳಿರಲಿಲ್ಲ. ಮಾಲೀಕನ ವಕೀಲ ನಗುತ್ತ ಕೇಳಿದ, ನಿಮ್ಮ ಗಂಡನೇ ಗಾಡಿ ಓಡಿಸುತ್ತಿದ್ದರು, ಅಲ್ಲವೇ?

"ನಹೀಂ ಸಾಬ್" ಎಂದಳು ದಾನವ್ವ.

ಅಣವೀರಪ್ಪನ ಮುಖದಿಂದ ರಕ್ತ ಇಳಿದು ಹೋಯಿತು. ಅವಳು ತನ್ನ ಮುರುಕು ಹಿಂದಿಯಲ್ಲಿ ಹೇಳತೊಡಗಿದಳು. ಗಾಡಿ ಹೊಡೆಯುವಾಗ ಅವನು ಚಪ್ಪಲಿ ಮೆಟ್ಟುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅವನ ಕಾಲಲ್ಲಿ ಚಪ್ಪಲಿ ಇದ್ದವು, ಬಕ್ಕಲ್ ಹಾಕಿತ್ತು, ತಾನೇ ಬಿಚ್ಚಿದೆ. ಗಾಡಿ ಹೊಡೆಯುವಾಗ ಅವನು ಫೋನು ಎತ್ತುತ್ತಿರಲಿಲ್ಲ. ಅಂದು ಎತ್ತಿದ.

"ಫೋನು ಯಾರದು?" ವಕೀಲ ಹಿಡಿದುಕೊಂಡ.

"ನನ್ನದು."

"ಅಂದರೆ ಗಂಡ ಗಾಡಿ ಓಡಿಸುವಾಗ ನೀವು ಫೋನು ಮಾಡಿ ಅವರ ಗಮನ ಕೆಡಿಸಿದಿರಿ. ನಿಮ್ಮಿಂದಲೇ ಅಪಘಾತ ಆಯಿತು. ಈಗ ತಪ್ಪಿಸಿಕೊಳ್ಳಲು ಚಪ್ಪಲಿಯ ಕತೆ ಕಟ್ಟುತ್ತಿದ್ದೀರಿ, ಹೌದೋ ಅಲ್ಲವೋ?"

ಇಷ್ಟು ಕಾಲ ಅವಳು ತನಗೆ ತಾನೇ ಹೇಳಿಕೊಂಡಿದ್ದ ಮಾತು ಅದು. ಬೇರೆಯವರ ಬಾಯಲ್ಲಿ ಕೇಳಿದಾಗ ಮರದಿಂದ ಬಿದ್ದವಳಿಗೆ ದಡಿಗೆಯಿಂದ ಹೇರಿದ ಹಾಗಾಯಿತು. ಕಟಕಟೆಯ ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದಳು. ಹೌದು ಎನ್ನಬೇಕೋ ಅಲ್ಲ ಎನ್ನಬೇಕೋ ತಿಳಿಯದೆ ಬಾಗಿಲ ಕಡೆ ನೋಡಿದಳು.

ಬಾಗಿಲಲ್ಲಿ ಸಚಿನ ನಿಂತಿದ್ದ. ಬೂಟುಗಳನ್ನು ಹೊರಗೆ ಬಿಟ್ಟು ಬಂದಿದ್ದ. ಅಪ್ಪ ಎದ್ದು ತೋಳು ಹಿಡಿದರೂ ನಿಲ್ಲಲಿಲ್ಲ. ಚೆನ್ನಯ ನೆಲ ನೋಡುತ್ತಿದ್ದವನು, ತನ್ನ ಮುಂದೆ ಹಾದುಹೋದ ಆ ಎರಡು ಕಾಲುಗಳನ್ನು ಕಂಡು ಊರುಗೋಲು ಕೈಬಿಟ್ಟ. ಅದು ಬಿದ್ದ ಸದ್ದಿಗೆ ಕೋರ್ಟಿನವರೆಲ್ಲ ತಿರುಗಿದರು.

"ಮ್ಯಾಡಮ್, ಗಾಡಿ ಮೈಂ ಚಲಾ ರಹಾ ಥಾ" ಎಂದ ಸಚಿನ.

ಗದ್ದಲವಾಯಿತು. ವಕೀಲ ಕೂಗಾಡಿದ, ಹುಡುಗನಿಗೆ ತಲೆ ಸರಿಯಿಲ್ಲ, ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ ಎಂದ. ಜಡ್ಜ್ ಎಲ್ಲರನ್ನೂ ಸುಮ್ಮನಾಗಿಸಿ, ಅವನಿಂದ ಪ್ರಮಾಣ ಮಾಡಿಸಿ, ನೀನು ಕ್ಯಾಬಿನ್ನಿನಲ್ಲಿದ್ದೆ ಎನ್ನುವುದಕ್ಕೆ ಏನು ಆಧಾರ ಎಂದು ಕೇಳಿದರು.

"ಕಾಕೂ ಫೋನ್ ಮಾಡಿದಾಗ ನಾನು ಬಾಜೂನಲ್ಲೇ ಇದ್ದೆ. ಫೋನ್ ಸ್ಪೀಕರ್ ಮೇಲಿತ್ತು. ಮನೆಗೆ ಬರಬೇಡ ಅಂತ ಹೇಳಿ ಕಟ್ ಮಾಡಿದ್ರು." ಅವನು ಹಿಂದಿಯಲ್ಲೇ ಹೇಳಿದ. ದಾನವ್ವನ ಕಡೆ ನೋಡಲಿಲ್ಲ.

ಆ ಮಾತನ್ನು ದಾನವ್ವ ಕೋರ್ಟಿಗೆ ಹೇಳಿರಲಿಲ್ಲ. ಜಡ್ಜ್ ಅವಳ ಕಡೆ ನೋಡಿದರು. ಅವಳು ತಲೆ ಆಡಿಸಿದಳು, ಹೌದು, ಹಾಗೆಂದಿದ್ದೆ. ಅಂದು ಮನೆಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದ್ದೆ ಎಂದ ಸಚಿನ. ಅಣವೀರಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಆಮೇಲೆ?" ಎಂದರು ಜಡ್ಜ್.

"ನನಗೆ ನಗು ಬಂತು. ಗದಿಗೆಪ್ಪಣ್ಣಾನೂ ನಕ್ಕರು. ಆಮೇಲೆ ನನಗೆ ಹೇಳಿದ್ರು..." ಸಚಿನ ನಿಂತ. ಮುಂಬಯಿಯಲ್ಲಿ ಹುಟ್ಟಿ ಬೆಳೆದವನು, ಎರಡು ವಾಕ್ಯ ಕನ್ನಡ ಮಾತಾಡಲು ನಾಲ್ಕು ಸಲ ಎಡವುವವನು. ಆದರೆ ಈಗ ಅವನ ಬಾಯಿಂದ ಬಂದದ್ದು ಅವನ ದನಿಯಾಗಿರಲಿಲ್ಲ. ಎರಡು ವರ್ಷ ತಲೆಯೊಳಗೆ ತಿರುಗಿ ತಿರುಗಿ ಒಂದು ಅಕ್ಷರವೂ ಸವೆಯದೆ ಉಳಿದಿದ್ದ ಮಾತು, ವಿಜಯಪುರದ ಎಳೆತ, ಕೊನೆಯಲ್ಲಿ ನಗೆ ನುಂಗುವ ರೀತಿ, ಎಲ್ಲವೂ ಹಾಗೆ ಹಾಗೆಯೇ:

"ನಗ್ತಿ ಏನಲೇ ಮಗನ? ನಮ್ಮಾಕಿ ಬರಬ್ಯಾಡ ಅಂದ್ಳಂದ್ರ ಬಾಗಲಾ ತಗದ ಇಟ್ಟಾಳಂತ ತಿಳಕೋ. ಸಾವಕಾಶ ಹೊಡಿ. ಇನ್ನಾ ಪೇಢೆ ತಗೋಬೇಕ."

ದಾನವ್ವನ ಮೈಮೇಲೆ ಕೂದಲು ಎದ್ದು ನಿಂತವು. ಬಾಗಿಲಾಚೆ ಇಷ್ಟು ದಿನ ನಿಂತಿದ್ದವನು ಒಳಗೆ ಬಂದು, ಎಲ್ಲರ ಎದುರಿಗೆ, ಮಾತಾಡಿ ಹೋಗಿದ್ದ.

"ಸಾವಕಾಶ ಅಂದಿದ್ರು" ಎಂದ ಸಚಿನ, ಮತ್ತೆ ತನ್ನ ಹಿಂದಿಯಲ್ಲಿ. "ಸಿಗ್ನಲ್ ಬೀಳೋದರಲ್ಲಿತ್ತು. ನಾನು ಕೇಳಲಿಲ್ಲ." ಅಲ್ಲೇ ನೆಲಕ್ಕೆ ಕುಸಿದು ಚೆನ್ನಯನ ಕಡೆ ಕೈ ಮುಗಿದ. ಚೆನ್ನಯ ಅವನ ಕಾಲುಗಳಿಂದ ಮೆಲ್ಲಗೆ ಕಣ್ಣೆತ್ತಿ, ಮೊದಲ ಸಲ, ಅವನ ಮುಖ ನೋಡಿದ. ಕ್ಷಮಿಸಿದೆ ಎನ್ನಲಿಲ್ಲ. ಆದರೆ ಪ್ರೇತಕ್ಕೆ ಮುಖ ಬಂದಿತ್ತು.

ಹೇಳಿಕೆ ಬರೆದುಕೊಳ್ಳುತ್ತಿದ್ದ ಕೋರ್ಟಿನ ಗುಮಾಸ್ತ ಬೆರಳು ನಿಲ್ಲಿಸಿ ಕೂತಿದ್ದ. ಹುಡುಗ ಯಾವ ಭಾಷೆಯಲ್ಲಿ ಏನು ಹೇಳಿದ, ಯಾರಾದರೂ ಹೇಳಿ ಎಂದರು ಜಡ್ಜ್. ಅಣವೀರಪ್ಪನಿಗೆ ಬರುತ್ತಿತ್ತು, ಅವನು ಮುಖದಿಂದ ಕೈ ತೆಗೆಯಲಿಲ್ಲ. ಕೊನೆಗೆ ದಾನವ್ವನೇ ಹೇಳಬೇಕಾಯಿತು.

"ಬೋಲಾ..." ಎಂದಳು.  ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಹೇಳಿದಳು. "ಬೋಲಾ, ದರ್ವಾಜಾ ಖುಲಾ ಹೋಗಾ."

ಆ ಸಂಜೆ ಅವಳು ಗದಿಗೆಪ್ಪನ ಚಪ್ಪಲಿಗಳನ್ನು ಒಳಗೆ ತಂದು, ಧೂಳು ಹಿಡಿದಿದ್ದ ಇನ್ನೊಂದಕ್ಕೂ ಎಣ್ಣೆ ಹಚ್ಚಿ, ಒಲೆಯ ಪಕ್ಕದ ಗೋಡೆಗೆ ಇಟ್ಟಳು. ಕೀಲಿಕೈ ಕೇಳಲು ಅಣವೀರಪ್ಪ ನಾಳೆ ಬರಬಹುದು, ನಾಡಿದ್ದು ಬರಬಹುದು, ಬಂದಾಗ ಕೊಡುವುದು. ಸ್ನೇಹಲ್ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಮೆಟ್ಟಿಲ ಮೇಲೆ ಯಾರೋ ಕುಡಿದವನ ಹೆಜ್ಜೆ ಕೇಳಿ, "ಅವ್ವಾ, ಚಪ್ಪಲ್ ಭೀ ನಹೀಂ ಹೈ ಬಾಹರ್. ಬಾಗಲಾ ಹಾಕಲಾ?" ಎಂದಳು.

"ಬ್ಯಾಡ" ಎಂದಳು ದಾನವ್ವ. "ಇವತ್ತೊಂದಿನಾ ತಗದ ಇರಲಿ."